ಕಿರುಬೆರಳಿನ ಬಾನಿ

ಚಾಮರಾಜಪೇಟೆಯಲ್ಲಿ ಪುಸ್ತಕಕ್ಕೆ ಬೈಂಡು ಹಾಕುವ ಅಂಗಡಿಯೊಂದರ ಮೇಲೆ, ಹತ್ತಡಿಗೆ ಹನ್ನೆರಡಡಿಯ ಕೋಣೆಯಲ್ಲಿ, ಮಹಾನಂದ ಇಪ್ಪತ್ತು ವರ್ಷದಿಂದ ಗಿಟಾರ್ ಪಾಠ ಹೇಳುತ್ತಿದ್ದ. 2001ರ ಡಿಸೆಂಬರಿನ ಕೊನೆಯ ಶನಿವಾರ ಅವನು ಪಾಠಕ್ಕೆ ಕಾಲು ಗಂಟೆ ತಡವಾಗಿ ಬಂದವನು ಮೆಟ್ಟಿಲು ಹತ್ತುತ್ತ ಅರ್ಧದಲ್ಲೇ ನಿಂತುಬಿಟ್ಟ. ಮೇಲೆ ಯಾರೋ ಗಿಟಾರ್ ನುಡಿಸುತ್ತಿದ್ದರು. ಕೇಳಿದರೆ ತಾನೇ ನುಡಿಸುತ್ತಿರುವ ಹಾಗಿತ್ತು. ಮಕ್ಕಳು ಪಾಠವನ್ನು ಟೇಪಿನಲ್ಲಿ ಹಿಡಿದುಕೊಂಡು ಹೋಗುವ ರೂಢಿ ಇತ್ತಲ್ಲ, ಅದನ್ನೇ ಹಾಕಿಕೊಂಡಿರಬೇಕು ಎಂದುಕೊಂಡು ಬಾಗಿಲು ತಳ್ಳಿದ. ಟೇಪು ಗೀಪು ಏನೂ ಇರಲಿಲ್ಲ. ಶಿಷ್ಯೆ ರಕ್ಷಿತಾ ಸ್ಟೂಲಿನ ಮೇಲೆ ಕೂತು, ಕಣ್ಣು ಮುಚ್ಚಿಕೊಂಡು ಅಭ್ಯಾಸ ಮಾಡುತ್ತಿದ್ದಳು.

ಬೇರೆ ಯಾವ ಮೇಷ್ಟರಾದರೂ ಆ ಗಳಿಗೆಯಲ್ಲಿ ಹಿಗ್ಗಿ ಹೀರೇಕಾಯಿಯಾಗುತ್ತಿದ್ದರು. ಮಹಾನಂದ ಮಾತ್ರ ಹಿಗ್ಗಲಿಲ್ಲ. ಈ ಹುಡುಗಿ ತನ್ನಿಂದ ವಿದ್ಯೆಯ ಜೊತೆಗೆ ತನ್ನ ಕಾಯಿಲೆಯನ್ನೂ ಕಲಿತುಬಿಟ್ಟಿದ್ದಾಳೆ ಎಂದು ಅವನಿಗೆ ಆಗ ಗೊತ್ತಾಯಿತು.

ಕಾಯಿಲೆ ಏನೆಂದು ಹೇಳುವ ಮೊದಲು ಪಾಠ ಏನೆಂದು ಹೇಳಬೇಕು. ಗಾಬರಿಯಾಗುವಂಥದ್ದೇನಿಲ್ಲ. ಜಾಸ್ ಗಿಟಾರಿನಲ್ಲಿ ಡಾಮಿನೆಂಟ್ ಸ್ಕೇಲ್ ಎಂದೊಂದಿದೆ. ಬಸವನಗುಡಿ ಕಡೆಯ ಮಕ್ಕಳಿಗೆ ಹರಿಕಾಂಭೋಜಿ ಎಂದರೆ ಸಾಕು, ಅವೇ ಏಳು ಸ್ವರ. ತಾಪತ್ರಯವೆಂದರೆ ಸ್ವರ ಏಳು, ತಾಳದ ಎಣಿಕೆ ಎಂಟು. ಮೇಲಿನ ಷಡ್ಜದಿಂದ ಎಣಿಕೆಗೊಂದು ಸ್ವರದಂತೆ ಇಳಿದರೆ ಒಂದು ಜಾಗ ಖಾಲಿ ಉಳಿಯುತ್ತದೆ. ಅದಕ್ಕೇ ಷಡ್ಜಕ್ಕೂ ಅದರ ಕೆಳಗಿನ ನಿಷಾದಕ್ಕೂ ನಡುವೆ, ಆ ಸ್ಕೇಲಿಗೆ ಸೇರದ ಕಾಕಲಿ ನಿಷಾದವನ್ನು ತಂದು ಸೇರಿಸುತ್ತಾರೆ. ಅದೇ ಪಾಸಿಂಗ್ ನೋಟ್. ಮಹಾನಂದ ಇದನ್ನು ಊಟದ ಪಂಕ್ತಿಗೆ ಹೋಲಿಸುತ್ತಿದ್ದ. “ಎಂಟು ಎಲೆ ಹಾಕಿದೀವಿ, ಬಂದಿರೋರು ಏಳು ಜನ. ರಸ್ತೇಲಿ ಹೋಗ್ತಿರೋ ಒಬ್ಬರನ್ನ ಕರೆದು ಕೂರಿಸ್ತೀವಿ. ಆದ್ರೆ ಬೀಗರ ಎಲೆ ಮುಂದೆ ಕೂರಿಸಲ್ಲ, ತಿಳೀತಾ?” ಎಂಟು ಎಣಿಕೆಗೆ ತಾಳದ ಪೆಟ್ಟು ನಾಲ್ಕು; ಮನೆಯ ಸ್ವರಗಳು ಆ ಪೆಟ್ಟಿನ ಮೇಲೆ ಬೀಳಬೇಕು, ಹೊರಗಿನ ಸ್ವರ ಎರಡು ಪೆಟ್ಟುಗಳ ನಡುವೆ ನುಸುಳಿಕೊಂಡು ಹೋಗಬೇಕು. ಹಾಗೆ ಹೋದರೆ ಕೇಳುವವರ ಮುಖದಲ್ಲಿ ಒಂದು ನಗೆ ಸುಳಿಯುತ್ತದೆ. ಅದೇ ಸ್ವರ ಸಲಸಲಕ್ಕೂ ಪೆಟ್ಟಿನ ಮೇಲೆಯೇ ಕೂತರೆ ಅನ್ನದಲ್ಲಿ ಕಲ್ಲು ಸಿಕ್ಕ ಹಾಗೆ.

ಇನ್ನು ಕಾಯಿಲೆ. ಎರಡು ವರ್ಷದ ಹಿಂದೆ ಅವನ ಎಡಗೈ ಕಿರುಬೆರಳು ಹೇಳಿದ ಮಾತು ಕೇಳುವುದನ್ನು ನಿಲ್ಲಿಸಿತು. ಷಡ್ಜದ ಮೇಲೆ ಇಡಲು ಹೋದರೆ ತಾನೇ ತಾನಾಗಿ ಒಳಕ್ಕೆ ಮಡಚಿಕೊಂಡು ಒಂದು ಫ್ರೆಟ್, ಅಂದರೆ ಗಿಟಾರಿನ ಕತ್ತಿನ ಮೇಲಿನ ಒಂದು ಪಟ್ಟಿ, ಕೆಳಗೆ ಕಾಕಲಿ ನಿಷಾದದ ಮೇಲೆ ಬೀಳುತ್ತಿತ್ತು. ನೋವಿಲ್ಲ, ಊತವಿಲ್ಲ. ಗಿಟಾರ್ ಕೆಳಗಿಟ್ಟರೆ ಅದೇ ಬೆರಳು ಸಭ್ಯವಾಗಿ ಎಲ್ಲ ಕೆಲಸ ಮಾಡುತ್ತಿತ್ತು. ಹೆಂಡತಿ ಚೂಡಾಮಣಿ ನೆನೆಹಾಕಿದ ಅವರೆಕಾಳನ್ನು ಮುಂದಿಟ್ಟರೆ ಅವಳಿಗಿಂತ ಬೇಗ ಹಿತುಕಿ ಮುಗಿಸುತ್ತಿದ್ದ. “ಬೆರಳಿಗೆ ಏನೂ ಆಗಿಲ್ಲ ಕಣ್ರೀ, ನಿಮ್ಮ ತಲೇಗೆ ಆಗಿರೋದು” ಎಂದು ಅವಳು ತಮಾಷೆ ಮಾಡಿದ್ದಳು. ನರರೋಗದ ಡಾಕ್ಟರು ಹೇಳಿದ್ದೂ ಹೆಚ್ಚು ಕಡಿಮೆ ಅದನ್ನೇ. ಒಂದೇ ಕೆಲಸವನ್ನು ಮೂವತ್ತು ವರ್ಷ ಮಾಡಿದವರಿಗೆ ಮಿದುಳು ಆ ಒಂದು ಕೆಲಸದಲ್ಲಿ ಮಾತ್ರ ದಾರಿ ತಪ್ಪುವುದುಂಟಂತೆ. ಔಷಧಿ ಏನು ಎಂದು ಕೇಳಿದ್ದಕ್ಕೆ ಅವರು ತಮ್ಮ ಪೆನ್ನಿನ ಕ್ಯಾಪು ಮುಚ್ಚಿ, “ಗಿಟಾರ್ ಬಿಟ್ಬಿಡಿ, ಬೇರೇನಾದ್ರೂ ಮಾಡಿ” ಎಂದರು. ನಲವತ್ತೆಂಟು ವಯಸ್ಸಿನವನಿಗೆ ಹೇಳುವ ಮಾತೇ ಅದು?

ಅವನು ಬಿಡಲಿಲ್ಲ, ಮುಚ್ಚಿಟ್ಟ. ತಪ್ಪು ಸ್ವರದಿಂದ ಸರಿ ಸ್ವರಕ್ಕೆ ಯಾವತ್ತೂ ಒಂದೇ ಫ್ರೆಟ್ಟಿನ ದೂರ ಎಂಬುದು ಅವನಿಗೆ ಗೊತ್ತಿರದ ವಿಷಯವಲ್ಲ. ಬೆರಳು ಕೆಳಗೆ ಬಿದ್ದ ತಕ್ಷಣ ಮೇಲಕ್ಕೆ ಜಾರಿಸಿಬಿಡುತ್ತಿದ್ದ. ಪೆಟ್ಟಿನ ಮೇಲೆ ಬಿದ್ದ ಹೊರಗಿನ ಸ್ವರ ಮರುಕ್ಷಣ ಷಡ್ಜವಾಗುತ್ತಿತ್ತು. ಶನಿವಾರ ಸಂಜೆ ಅವನು ನುಡಿಸುತ್ತಿದ್ದ ಹೋಟೆಲಿನಲ್ಲಿ ಡ್ರಮ್ಮಿನವನು “ಏನ್ ಗುರು, ಹೊಸ ಸ್ಟೈಲು?” ಎಂದು ಕಣ್ಣು ಹೊಡೆದ. ಮಹಾನಂದ ನಕ್ಕು ಸುಮ್ಮನಾದ. ಆ ನಗುವಿಗೆ ಇಂಥ ಬೆಲೆ ತೆರಬೇಕಾಗುತ್ತದೆ ಎಂದು ಅವನಿಗೆ ಆಗ ಹೊಳೆದಿರಲಿಲ್ಲ.

ಬೆಲೆ ತೆರಬೇಕಾದವಳು ರಕ್ಷಿತಾ. ಅಕ್ಕಿಪೇಟೆಯಲ್ಲಿ ಹಗ್ಗ, ಗೋಣಿಚೀಲ, ಟಾರ್ಪಾಲು ಮಾರುವ ಮುನಿಸ್ವಾಮಿಯವರ ಮಗಳು. ಇಪ್ಪತ್ತು ವರ್ಷ. ನಾಲ್ಕು ವರ್ಷದಿಂದ ಪಾಠಕ್ಕೆ ಬರುತ್ತಿದ್ದಳು. ಪುಸ್ತಕ ನೋಡುವವಳಲ್ಲ, ಬರೆದುಕೊಳ್ಳುವವಳಲ್ಲ. ಮೇಷ್ಟರ ಬೆರಳು ನೋಡುವುದು, ಅದು ಹೋದಲ್ಲಿಗೆ ತನ್ನ ಬೆರಳು ಕಳಿಸುವುದು, ಅಷ್ಟೇ ಅವಳ ವಿಧಾನ. ಮೊದಲ ಎರಡು ವರ್ಷ ಕಾರ್ಡು ಎಂಬ ಸ್ವರಗುಚ್ಛಗಳು, ಹಾಡು, ಕೈ ಪಳಗಿಸುವ ಪಾಠದಲ್ಲೇ ಕಳೆದಿತ್ತು. ಡಾಮಿನೆಂಟ್ ಸ್ಕೇಲು, ಅದರೊಳಗೆ ಹೊರಗಿನ ಸ್ವರ ಸೇರಿಸುವುದು, ಮನೋಧರ್ಮದಿಂದ ನುಡಿಸುವುದು, ಎಲ್ಲ ಶುರುವಾದದ್ದು ಆಮೇಲೆ. ಅಂದರೆ ಮಹಾನಂದ ಅದನ್ನು ಸರಿಯಾಗಿ ನುಡಿಸಿದ್ದನ್ನು ಅವಳು ಒಂದು ಸಲವೂ ಕೇಳಿರಲಿಲ್ಲ.

ಮುಂಬೈನ ಒಂದು ಸಂಗೀತ ಕಾಲೇಜಿನವರು ಜನವರಿ ಇಪ್ಪತ್ತಕ್ಕೆ ಬೆಂಗಳೂರಿಗೆ ಬರುವವರಿದ್ದರು. ಇಲ್ಲಿಂದ ಇಬ್ಬರು ಗಿಟಾರ್‌ನವರನ್ನು ಮಾತ್ರ ಆರಿಸುತ್ತಾರೆ, ಎರಡು ವರ್ಷ ಓದು, ಊಟ, ವಸತಿ ಎಲ್ಲ ಅವರದೇ. ಮುನಿಸ್ವಾಮಿ ಮಗಳಿಗೆ ಒಂದೇ ಮಾತು ಹೇಳಿದ್ದರು. “ಆಯ್ಕೆಯಾದ್ರೆ ಹೋಗು, ನಾನು ಅಡ್ಡ ಬರಲ್ಲ. ಆಗ್ಲಿಲ್ಲಾಂದ್ರೆ ಗಿಟಾರ್ ಮೂಲೇಲಿಟ್ಟು ಅಂಗಡೀಲಿ ಕೂತ್ಕೋ. ಎರಡನೇ ಸಲ ಕೇಳ್ಬೇಡ.” ಅವರು ಮಾತಿಗೆ ತಪ್ಪುವ ಮನುಷ್ಯರಲ್ಲ. ಅದೇ ತೊಂದರೆ.

ಪರೀಕ್ಷೆಗೆ ಉಳಿದಿದ್ದದ್ದು ಮೂರು ವಾರ.

ಎರಡು ವರ್ಷ ಇದು ತನ್ನ ಕಿವಿಗೆ ಬೀಳಲಿಲ್ಲ ಹೇಗೆ ಎಂದು ಮಹಾನಂದ ಅವತ್ತು ತನ್ನನ್ನು ತಾನೇ ಬೈದುಕೊಂಡ. ಪಾಠದಲ್ಲಿ ಇಬ್ಬರೂ ಜೊತೆಜೊತೆಗೆ ನುಡಿಸುತ್ತಿದ್ದರು. ಅವನ ಗಮನವೆಲ್ಲ ತನ್ನ ಬೆರಳು ಎಲ್ಲಿ ಬೀಳುತ್ತದೋ ಎಂಬುದರ ಮೇಲೆ. ಅವನು ಜಾರಿದಾಗ ಅವಳೂ ಜಾರುತ್ತಿದ್ದಳು, ಎರಡು ಜಾರಿಕೆ ಸೇರಿ ಒಂದಾಗುತ್ತಿತ್ತು. ಕಳ್ಳನ ಕಿವಿಗೆ ತನ್ನ ಹೆಜ್ಜೆ ಸಪ್ಪಳ ಬಿಟ್ಟು ಬೇರೇನು ಕೇಳಿಸೀತು?

“ರಕ್ಷಿತಾ, ಇಳಿಯೋವಾಗ ಮೊದಲ ಪೆಟ್ಟಿಗೆ ಷಡ್ಜ ನೇರವಾಗಿ ಇಡಮ್ಮ. ಜಾರಿಸಬೇಡ” ಎಂದ.

“ಹೇಗೆ ಸರ್? ತೋರಿಸಿ.”

ಅವನು ಗಿಟಾರ್ ತೆಗೆದುಕೊಂಡ. ಕಿರುಬೆರಳು ಮಡಚಿಕೊಂಡು ಕೆಳಗೆ ಬಿತ್ತು, ಅಭ್ಯಾಸದಂತೆ ಮೇಲಕ್ಕೆ ಜಾರಿತು. ರಕ್ಷಿತಾ ಮುಖ ಅರಳಿಸಿ ಅದನ್ನೇ ಮರಳಿ ನುಡಿಸಿದಳು, ಅವನಿಗಿಂತ ಒಂದು ಕೂದಲೆಳೆ ಚೆನ್ನಾಗಿಯೇ.

ಮುಂದಿನ ಪಾಠಕ್ಕೆ ಅವನು ಹಾಳೆಯ ಮೇಲೆ ಬರೆದುಕೊಂಡು ಬಂದ. ಪೆಟ್ಟು ಬೀಳುವ ಸ್ವರಗಳಿಗೆ ಕೆಂಪು ಇಂಕು, ನಡುವಿನವಕ್ಕೆ ನೀಲಿ. ಅವಳು ಹಾಳೆ ನೋಡಿ ನಿಧಾನಕ್ಕೆ ನುಡಿಸಿದಾಗ ಎಲ್ಲ ಸರಿಯಾಗಿಯೇ ಬಂತು. ಮಹಾನಂದನ ಜೀವಕ್ಕೆ ಸ್ವಲ್ಪ ಹಾಯೆನಿಸಿತು. “ಈಗ ಹಾಳೆ ಬಿಡು, ನಿನ್ನ ಮನಸ್ಸಿಗೆ ಬಂದಿದ್ದು ನುಡಿಸು” ಎಂದ. ಅವಳು ಕಣ್ಣು ಮುಚ್ಚಿದಳು. ಕಣ್ಣು ಮುಚ್ಚಿದ ಕೂಡಲೇ ಅವಳೊಳಗಿನ ಮಹಾನಂದ ಎದ್ದು ಕೂತ. ಮೊದಲ ಪೆಟ್ಟು, ಹೊರಗಿನ ಸ್ವರ, ಜಾರಿಕೆ. ಮುಂದಿನ ಸುತ್ತು, ಮತ್ತೆ ಹಾಗೆಯೇ.

ತಾನು ನೆಟ್ಟಗಿದ್ದಾಗ ನುಡಿಸಿದ್ದು ಎಲ್ಲಾದರೂ ಉಳಿದಿದ್ದರೆ ಅದನ್ನಾದರೂ ಕೇಳಿಸಬಹುದೆಂದು ಹುಡುಕಿದ. ಹೋಟೆಲಿನಲ್ಲಿ ನುಡಿಸಿದ್ದನ್ನು ಯಾರೂ ರೆಕಾರ್ಡು ಮಾಡಿರಲಿಲ್ಲ. ಹಳೆಯ ಶಿಷ್ಯರು ಪಾಠದ ಟೇಪುಗಳ ಮೇಲೆ ಸಿನಿಮಾ ಹಾಡು ತುಂಬಿಸಿಕೊಂಡಿದ್ದರು. ಅಟ್ಟದ ಮೇಲಿನ ಟ್ರಂಕಿನಲ್ಲಿ 1994ರ ಗಣೇಶೋತ್ಸವದ ಆರ್ಕೆಸ್ಟ್ರಾ ಕ್ಯಾಸೆಟ್ಟೊಂದು ಸಿಕ್ಕಿತು. ಆವತ್ತು ಹಾಡಿನ ನಡುವೆ ಅವನಿಗೆ ಒಂದು ಸುತ್ತು ಒಂಟಿಯಾಗಿ ನುಡಿಸಲು ಬಿಟ್ಟಿದ್ದರು, ಅವನು ಷಡ್ಜದಿಂದ ಇಳಿದಿದ್ದ ರೀತಿ ಅವನಿಗೇ ಇನ್ನೂ ನೆನಪಿತ್ತು. ಗಂಡ ಹೆಂಡತಿ ಇಬ್ಬರೂ ಟೇಪ್‌ರೆಕಾರ್ಡರಿನ ಮುಂದೆ ಕಿವಿಗೊಟ್ಟು ಕೂತರು. ಆ ಜಾಗ ಬಂದಾಗ ನಿರೂಪಕ ಮೈಕಿನಲ್ಲಿ ದಾನಿಗಳ ಹೆಸರು ಓದುತ್ತಿದ್ದ. ಹದಿನಾರು ಹೆಸರು. ಹೆಸರು ಮುಗಿಯುವಷ್ಟರಲ್ಲಿ ಗಿಟಾರೂ ಮುಗಿದಿತ್ತು.

ಚೂಡಾಮಣಿ ಟೇಪು ನಿಲ್ಲಿಸಿ, “ಆ ಹುಡುಗೀಗೆ ನಿಜ ಹೇಳ್ಬಿಡಿ. ಇನ್ನೇನು ದಾರಿ ಇದೆ?” ಎಂದಳು.

ಪರೀಕ್ಷೆಗೆ ಹತ್ತು ದಿನ ಇರುವಾಗ ಅವನು ಹೇಳಿದ. ಇಪ್ಪತ್ತು ವರ್ಷ ಮೇಷ್ಟರು ಎನ್ನಿಸಿಕೊಂಡವನು ತನಗೆ ನುಡಿಸಲು ಬರುವುದಿಲ್ಲ ಎಂದು ಶಿಷ್ಯೆಯ ಮುಂದೆ ಒಪ್ಪಿಕೊಳ್ಳುವುದು ಹುಡುಗಾಟವಲ್ಲ.

“ನೀನು ಕಲಿತಿರೋದು ನನ್ನ ಶೈಲಿ ಅಲ್ಲಮ್ಮ. ನನ್ನ ಬೆರಳು ಕೆಟ್ಟಿದೆ. ಎರಡು ವರ್ಷ ಆಯ್ತು. ನಾನು ಷಡ್ಜ ಇಡೋಕೆ ಹೋಗ್ತೀನಿ, ಅದು ಬೀಳತ್ತೆ. ಬಿದ್ದಿದ್ದನ್ನ ನಾನು ಮುಚ್ಕೋತಿದೀನಿ. ನೀನು ಮುಚ್ಚಿರೋದನ್ನೇ ಪಾಠ ಅಂದ್ಕೊಂಡೆ.”

ರಕ್ಷಿತಾ ಅವನನ್ನೇ ನೋಡಿದಳು. ಅವಳ ಕಣ್ಣು ತುಂಬಿ ಬಂತು. ಅರ್ಥವಾಯಿತು, ಸದ್ಯ, ಎಂದುಕೊಂಡ ಮಹಾನಂದ.

“ದೊಡ್ಡವರೆಲ್ಲ ಹೀಗೇ ಹೇಳೋದು ಸರ್” ಎಂದಳು ಅವಳು. “ನನಗೇನೂ ಬರಲ್ಲ, ನನ್ನದೆಲ್ಲ ತಪ್ಪು ಅಂತ. ನಮ್ಮಜ್ಜೀಗೆ ಭಜನೆ ಹೇಳ್ಕೊಟ್ಟೋರೂ ಸಾಯೋವರೆಗೂ ಹೀಗೇ ಅಂತಿದ್ರಂತೆ. ಹೋಟೆಲಲ್ಲಿ ಜನ ಸುಮ್ಮಸುಮ್ನೆ ಚಪ್ಪಾಳೆ ತಟ್ತಾರಾ?”

“ಅಯ್ಯೋ, ಹಾಗಲ್ಲ ಕಣಮ್ಮ...”

“ನನ್ನ ಧೈರ್ಯ ಕೆಡಿಸ್ಬೇಡಿ ಸರ್, ಪರೀಕ್ಷೆ ಹತ್ರ ಬಂತು” ಎಂದು ಬಗ್ಗಿ ಅವನ ಕಾಲು ಮುಟ್ಟಿದಳು. ಭಕ್ತಿಯ ಮುಂದೆ ನಿಜಕ್ಕೆ ಏನು ಬೆಲೆ? ಮಹಾನಂದನಿಗೆ ಅವಳ ಮೇಲೆ ಸಿಟ್ಟೇ ಬಂತು. ಹೊಡೆಯುವಷ್ಟು ಸಿಟ್ಟು. ಆಮೇಲೆ ಆ ಸಿಟ್ಟಿನ ಬಗ್ಗೆ ನಾಚಿಕೆಯಾಯಿತು.

ಜನವರಿ ಇಪ್ಪತ್ತು ಭಾನುವಾರ. ಗಾಂಧಿಬಜಾರಿನ ಹತ್ತಿರದ ಒಂದು ಶಾಲೆಯ ಸಭಾಂಗಣದಲ್ಲಿ ಹನ್ನೊಂದು ಜನ ಗಿಟಾರ್ ಹಿಡಿದು ಸಾಲಾಗಿ ಕೂತಿದ್ದರು. ಮೇಷ್ಟರುಗಳಿಗೆ ಹಿಂದಿನ ಬೆಂಚು. ಪರೀಕ್ಷಕ ಕಶ್ಯಪ್ ಎಂಬಾತ ಮಲ್ಲೇಶ್ವರದಲ್ಲೇ ಹುಟ್ಟಿ ಬೆಳೆದು ಮುಂಬೈ ಸೇರಿದವನು, ನಲವತ್ತರ ಆಸುಪಾಸು, ಒಳ್ಳೆಯ ಕಿವಿ, ಒಳ್ಳೆಯ ಮಾತು. ಕೀಬೋರ್ಡಿನಲ್ಲಿ ತಾನೇ ಕಾರ್ಡು ಹಿಡಿದು, ಅದರ ಮೇಲೆ ಮಕ್ಕಳಿಂದ ನುಡಿಸುತ್ತಿದ್ದ. ದುಷ್ಟನಾಗಿದ್ದರೆ ಮಹಾನಂದನಿಗೆ ಬೈಯಲಾದರೂ ಒಬ್ಬ ಸಿಗುತ್ತಿದ್ದ.

ರಕ್ಷಿತಾಳ ಸರದಿ ಎಂಟನೆಯದು. ಶುರು ಮಾಡಿದಾಗ ಕಶ್ಯಪ್ ತಲೆದೂಗಿದ. ಲಯ ಗಟ್ಟಿ, ನಾದ ಗಟ್ಟಿ, ಯೋಚನೆಗೂ ಬರವಿಲ್ಲ. ಎರಡನೆಯ ಸುತ್ತಿಗೆ ಅವನ ಹುಬ್ಬು ಸ್ವಲ್ಪ ಮೇಲೇರಿತು. ನಾಲ್ಕನೆಯ ಸುತ್ತಿಗೆ ಕೀಬೋರ್ಡಿನಿಂದ ಕೈ ತೆಗೆದ.

“ನೀವು ತುಂಬಾ ಚೆನ್ನಾಗಿ ನುಡಿಸ್ತೀರಿ” ಎಂದ. “ಒಂದು ಕೇಳ್ತೀನಿ, ಬೇಜಾರು ಮಾಡ್ಕೋಬೇಡಿ. ಹೊರಗಿನ ಸ್ವರ ಒಂದೊಂದ್ಸಲ ಪೆಟ್ಟಿನ ಮೇಲೆ ಬಿದ್ರೆ ಚಂದ. ನಿಮ್ಮದು ಪ್ರತಿ ಸಲ, ಅದೇ ಜಾಗದಲ್ಲಿ ಬೀಳ್ತಿದೆ. ಇದು ನೀವು ಬೇಕೂಂತ ಮಾಡ್ತಿರೋದಾ, ಬೆರಳು ಮಾಡ್ತಿರೋದಾ?”

“ಬೇಕೂಂತಾನೇ ಸರ್” ಎಂದಳು ರಕ್ಷಿತಾ, ಒಂದು ಚೂರೂ ಅಳುಕದೆ. “ಇದು ನಮ್ಮ ಸರ್ ಬಾನಿ, ಅವರದೇ ಶೈಲಿ. ಅವರು ಅಲ್ಲಿ ಕೂತಿದಾರೆ.”

ಹತ್ತು ತಲೆಗಳು ಹಿಂದಿನ ಬೆಂಚಿನ ಕಡೆ ತಿರುಗಿದವು. ಮಹಾನಂದನಿಗೆ ಭೂಮಿ ಬಾಯಿ ಬಿಟ್ಟರೆ ಸಾಕೆನಿಸಿತು.

ಕಶ್ಯಪ್ ಎದ್ದು ನಿಂತು ಕೈ ಮುಗಿದ. “ಬನ್ನಿ ಸರ್. ದಯವಿಟ್ಟು ಒಂದ್ಸಲ ನುಡಿಸಿ ತೋರಿಸಿ. ಒಂದು ಬಾನಿ ಅಂತ ಆದ್ರೆ ನಾನದನ್ನ ತಪ್ಪು ಅಂತ ಬರೆಯಲ್ಲ. ಈ ಹುಡುಗೀನ ಬಿಡೋಕೆ ನನಗೂ ಇಷ್ಟ ಇಲ್ಲ.”

ಮುಂದಕ್ಕೆ ನಡೆಯುತ್ತ ಮಹಾನಂದನಿಗೆ ಒಂದು ಯೋಚನೆ ಬಂತು, ಬಂದೊಡನೆ ಮೈ ಹಗುರಾಯಿತು. ಮಾಡಬೇಕಾದದ್ದು ಏನಿದೆ? ನುಡಿಸಿದರೆ ಆಯಿತು. ಬೆರಳು ಹೇಗೂ ಬೀಳುತ್ತದೆ. ಎರಡು ವರ್ಷ ಅವನ ಅನ್ನಕ್ಕೆ ಕಲ್ಲು ಹಾಕಿದ ಬೆರಳು ಇವತ್ತು ಒಂದು ಸಲ ಈ ಮಗುವನ್ನು ದಾಟಿಸಲಿ. ಸುಳ್ಳೋ ನಿಜವೋ ಆಮೇಲೆ ನೋಡಿಕೊಂಡರಾಯಿತು. ರಕ್ಷಿತಾ ತನ್ನ ಗಿಟಾರನ್ನೇ ಎರಡೂ ಕೈಯಲ್ಲಿ ಎತ್ತಿ ಕೊಟ್ಟಳು. ಅವನು ಕೂತು, ಬೀಳು ಮಹರಾಯ, ಬೀಳು, ಎಂದು ಮನಸ್ಸಿನಲ್ಲೇ ಬೇಡಿಕೊಂಡು ಷಡ್ಜಕ್ಕೆ ಕೈ ಹಾಕಿದ.

ಬೆರಳು ಬೀಳಲಿಲ್ಲ.

ನೆಟ್ಟಗೆ ಹೋಗಿ ಷಡ್ಜದ ಮೇಲೆ ನಿಂತಿತು. ಪೆಟ್ಟಿಗೆ ಸರಿಯಾಗಿ ಷಡ್ಜ, ಅದರ ಬೆನ್ನಿಗೆ ಕಾಕಲಿ ನಿಷಾದ ನಡುವೆ ನುಸುಳಿ ಹೋಯಿತು, ಮುಂದಿನ ಪೆಟ್ಟಿಗೆ ಮನೆಯ ನಿಷಾದ, ಪಂಚಮ, ಗಾಂಧಾರ, ಒಂದೊಂದೂ ತನ್ನ ತನ್ನ ಎಲೆಯ ಮುಂದೆ. ಎರಡು ವರ್ಷ ಡಾಕ್ಟರಿಗೂ ದೇವರಿಗೂ ಕೈ ಮುಗಿದು ಕೇಳಿಕೊಂಡಿದ್ದು ಆವತ್ತು, ಆ ಹೊತ್ತಿಗೆ ಸರಿಯಾಗಿ ಸಿಕ್ಕಿತು. ಅವನು ಬೆಚ್ಚಿಬಿದ್ದು ಇನ್ನೊಮ್ಮೆ ಇಳಿದ. ಮತ್ತೆ ನೇರ. ಬೀಳಲಿ ಎಂದು ಕಾಯುತ್ತಿದ್ದ ಕೈಗೆ ಬೀಳುವುದು ಮರೆತುಹೋಗಿತ್ತು. ಮೂರನೆಯ ಸಲ ಅವನು ಹಲ್ಲು ಕಚ್ಚಿ, ಬೇಕೆಂದೇ ಒಂದು ಫ್ರೆಟ್ ಕೆಳಗೆ ಬೆರಳಿಟ್ಟು, ಮೇಲಕ್ಕೆ ಜಾರಿಸಿದ. ಬಲವಂತಕ್ಕೆ ಇಟ್ಟ ಬೆರಳು ತಂತಿಯನ್ನು ಸರಿಯಾಗಿ ಒತ್ತಲಿಲ್ಲ. ಕರ್ ಎಂದು ಒಡಕು ಸದ್ದು ಬಂತು. ಸಾಲಿನಲ್ಲಿ ಕೂತಿದ್ದ ಯಾರೋ ಕಿಸಕ್ಕೆಂದು ನಕ್ಕರು.

ಕಶ್ಯಪನೂ ನಕ್ಕ, ಮೆಚ್ಚುಗೆಯ ನಗು. “ಎಂಥಾ ಕೈ ಸರ್ ನಿಮ್ಮದು! ಮೊದಲು ಹೇಗಿರಬೇಕು ಅಂತ ತೋರಿಸಿದ್ರಿ, ಆಮೇಲೆ ಹೇಗಾಗ್ತಿದೆ ಅಂತಾನೂ ತೋರಿಸಿದ್ರಿ. ಮಾತಲ್ಲಿ ಹೇಳೋದಕ್ಕಿಂತ ಇದೇ ಚೆನ್ನಾಯ್ತು.” ರಕ್ಷಿತಾಳ ಕಡೆ ತಿರುಗಿ, “ನೋಡಿದ್ರಲ್ಲಮ್ಮ? ಇಂಥ ಗುರುಗಳು ಇದಾರೆ ನಿಮಗೆ. ಇನ್ನೂ ಸ್ವಲ್ಪ ಗಮನ ಕೊಟ್ಟು ಕಲೀರಿ” ಎಂದು ಹಾಳೆಯ ಮೇಲೆ ಅವಳ ಹೆಸರಿಗೆ ಗೆರೆ ಎಳೆದ.

“ಇಲ್ಲ, ಕೇಳಿ, ನನ್ನ ಬೆರಳಿಗೆ ಕಾಯಿಲೆ ಇದೆ” ಎಂದ ಮಹಾನಂದ. ಅಷ್ಟು ಚೆನ್ನಾಗಿ ನುಡಿಸಿ ಕೆಳಗಿಟ್ಟ ಕೈಯನ್ನು ಎತ್ತಿ ತೋರಿಸುತ್ತ ಅವನು ಆ ಮಾತು ಹೇಳಿದ್ದು. ಕಶ್ಯಪ್ ವಿನಯದಿಂದ ತಲೆಯಾಡಿಸಿ, ಒಂಬತ್ತನೆಯವರ ಹೆಸರು ಕರೆದ.

ರಕ್ಷಿತಾ ಗಿಟಾರನ್ನು ಚೀಲಕ್ಕೂ ಹಾಕದೆ ಶಾಲೆಯ ಮೆಟ್ಟಿಲಿಳಿದು ಗೇಟಿನ ತನಕ ನಡೆದಳು. ಗೇಟಿನ ಪಕ್ಕದ ಸಿಮೆಂಟು ಕಟ್ಟೆಯ ಹತ್ತಿರ ನಿಂತಳು. ಅಳುತ್ತಿರಲಿಲ್ಲ. ಅತ್ತಿದ್ದರೆ ಅವನಿಗೆ ಸಮಾಧಾನ ಹೇಳಲಿಕ್ಕಾದರೂ ಆಗುತ್ತಿತ್ತು.

“ಸರಿಯಾಗಿ ನುಡಿಸೋಕೆ ಬರ್ತಿತ್ತಲ್ಲ ಸರ್ ನಿಮಗೆ. ನನಗ್ಯಾಕೆ ಹೀಗೆ ಹೇಳ್ಕೊಟ್ರಿ?”

“ರಕ್ಷಿತಾ, ನಾನವತ್ತೇ ಹೇಳ್ದೆನಲ್ಲಮ್ಮ. ನನ್ನ ಬೆರಳು...”

“ಅವತ್ತು ನೀವು ಹೇಳಿದ್ದನ್ನ ನಾನು ನಂಬಿಬಿಡಬೇಕಿತ್ತಾ? ಇವತ್ತು ಕಣ್ಣಾರೆ ನೋಡಿದ್ನಲ್ಲ.” ಅವನ ಕಡೆ ತಿರುಗಿ ಕೇಳಿದಳು. “ನಮ್ಮಪ್ಪ ಏನಾದ್ರೂ ಹೇಳಿದ್ರಾ ಸರ್ ನಿಮಗೆ? ನಾನು ಆಯ್ಕೆ ಆಗ್ಬಾರದು ಅಂತ?”

ಹುಡುಗಿ ಈಗ ತನ್ನ ಅಪ್ಪನನ್ನೂ ಕಳೆದುಕೊಳ್ಳುತ್ತಾಳಲ್ಲಪ್ಪ ಎಂದು ಮಹಾನಂದ ಕಂಗಾಲಾಗಿ, ಕಟ್ಟೆಯ ಮೇಲೆ ಕೂತು, “ಕೊಡು ಇಲ್ಲಿ, ಗಿಟಾರ್ ಕೊಡು, ಈಗ ನೋಡು” ಎಂದು ಅವಳ ಕೈಯಿಂದ ಹೆಚ್ಚು ಕಡಿಮೆ ಕಸಿದುಕೊಂಡ. ಈ ಸಲ ಬೀಳಲಿ ಎಂದು ಬೇಡುವಷ್ಟು ಪುರುಸೊತ್ತೂ ಇರಲಿಲ್ಲ, ಸುಮ್ಮನೆ ಷಡ್ಜಕ್ಕೆ ಕೈ ಹಾಕಿದ. ಕಿರುಬೆರಳು ಒಳಕ್ಕೆ ಮಡಚಿಕೊಂಡು ಒಂದು ಫ್ರೆಟ್ ಕೆಳಗೆ ಬಿತ್ತು. ಇನ್ನೊಮ್ಮೆ ಇಟ್ಟ, ಇನ್ನೊಮ್ಮೆ ಬಿತ್ತು. ಎರಡು ವರ್ಷದಿಂದ ಹೇಗೆ ಬೀಳುತ್ತಿತ್ತೋ ಹಾಗೆಯೇ, ಒಂದು ಕೂದಲೆಳೆ ವ್ಯತ್ಯಾಸವಿಲ್ಲದೆ.

“ನೋಡಿದ್ಯಾ? ನೋಡಿದ್ಯಾ ಬಿದ್ದಿದ್ದು?”

ರಕ್ಷಿತಾ ಅವನ ಬೆರಳನ್ನೇ ನೋಡುತ್ತಿದ್ದಳು. ನಾಲ್ಕು ವರ್ಷ ನೋಡಿದ ಹಾಗೆ ಬಗ್ಗಿ, ರೆಪ್ಪೆ ಮಿಟುಕಿಸದೆ ನೋಡಿದಳು. ಆಮೇಲೆ ನೆಟ್ಟಗೆ ನಿಂತಳು.

“ಈಗ ಬೇಕೂಂತ ಮಾಡ್ತಿದೀರಿ ಸರ್” ಎಂದಳು.

ಅವನ ತೊಡೆಯ ಮೇಲಿಂದ ಗಿಟಾರನ್ನು ಮೆಲ್ಲಗೆ ಎತ್ತಿಕೊಂಡು, ಚೀಲದೊಳಗಿಟ್ಟು, ಜಿಪ್ಪು ಎಳೆದು, ಅಕ್ಕಿಪೇಟೆಗೆ ಆಟೋ ಕೇಳಲು ರಸ್ತೆಯ ಆ ಬದಿಗೆ ದಾಟಿದಳು.